ಗೂಟ ನೆಟ್ಟ ಕಡೆ ಸಿಕ್ಸರ್

ಶಿವಣ್ಣನವರಿಗೆ ಮಾತು ಮುಗಿದಾಗಲೆಲ್ಲ ಕೈಯಲ್ಲಿ ಇಲ್ಲದ ಬ್ಯಾಟನ್ನು ಎಡಕ್ಕೆ ಬೀಸುವ ಅಭ್ಯಾಸ. "ನಮಸ್ಕಾರ ಮೇಡಂ" ಅಂದರೂ ಒಂದು ಬೀಸು. ತಲಘಟ್ಟಪುರದಾಚೆಯ ಹಳ್ಳಿಯೊಂದರ ಕ್ರಿಕೆಟ್ ಕ್ಲಬ್ಬಿಗೆ ಇಪ್ಪತ್ತು ವರ್ಷದಿಂದ ಅವರೇ ಕ್ಯಾಪ್ಟನ್. ಹೊಸ ಪೆವಿಲಿಯನ್ ಕಟ್ಟಲು ಜಯನಗರದ ನಮ್ಮ ಆಫೀಸಿನಲ್ಲಿ ದೇಣಿಗೆ ಕೇಳಿದ್ದರು. ಜಾಗ ನೋಡಿ ರಿಪೋರ್ಟ್ ಕೊಡಲು, ಆಟೋದವರ ಹತ್ತಿರ ಚಿಲ್ಲರೆ ಕೇಳಲೂ ಹೆದರುವ ನನ್ನನ್ನೇ ಆಫೀಸಿನವರು ಕಳಿಸಿದರು.

ಆಟಗಾರರು ಗೂಡ್ಸ್ ಆಟೋ ಹಿಂದೆ ನಿಂತು ಪ್ಯಾಂಟ್ ಬದಲಿಸುತ್ತಿದ್ದರು. ಪೆವಿಲಿಯನ್ ಬೇಕೇ ಬೇಕು, ಅನುಮಾನವಿಲ್ಲ. ಆದರೆ ಪಾಯಕ್ಕೆ ನೆಟ್ಟ ಗೂಟಗಳು ಬೌಂಡರಿ ಗೆರೆಯಿಂದ ಹದಿನೈದು ಹೆಜ್ಜೆ ಒಳಗಿದ್ದವು. ಹೊರಗೆ ಬೇಕಾದಷ್ಟು ಖಾಲಿ ಜಾಗ ಬಿದ್ದಿತ್ತು.

"ಯಾಕೆ ಒಳಗೆ?" ಅಂದೆ.

"ವಾಸ್ತು ಮೇಡಂ," ಅಂದರು ಶಿವಣ್ಣ, ಎಡಕ್ಕೆ ಬೀಸುತ್ತಾ.

ಬೀಸಿದ ಕೈ ನೇರ ಗೂಟಗಳ ಕಡೆಗೇ ಹೋಗಿ ನಿಂತಿತು. ನಾನು ಕೈ ನೋಡಿದೆ, ಗೂಟ ನೋಡಿದೆ. ಪಕ್ಕದಲ್ಲಿದ್ದ ವಿಕೆಟ್ ಕೀಪರ್ ನಕ್ಕುಬಿಟ್ಟ.

"ಗೊತ್ತಾಗೋಯ್ತು ಬಿಡಣ್ಣ! ಮೇಡಂ, ಇವ್ರು ಹೊಡೆದಿದ್ದೆಲ್ಲ ಅಲ್ಲೇ ಕ್ಯಾಚ್. ಲೈಫಲ್ಲಿ ಒಂದೂ ಸಿಕ್ಸ್ ಇಲ್ಲ. ಪೆವಿಲಿಯನ್ ಗೋಡೆಗೆ ಬಡಿದ್ರೆ ಸಿಕ್ಸ್ ಅಂತ ಈಗಲೇ ರೂಲ್ ಮಾಡ್ಕೊಂಡವ್ರೆ."

"ಬಾಯ್ಮುಚ್ಚೋ ಮಗಾ, ಕಟ್ಟಡ ಏಳ್ಲಿ!"

ನನ್ನ ಫಾರಂನಲ್ಲಿ 'ಜಾಗ ಸೂಕ್ತವೇ?' ಎಂಬ ಒಂದು ಕಾಲಂ ಮಾತ್ರ ಬಾಕಿ ಇತ್ತು. ಅಲ್ಲಿ 'ಇಲ್ಲ' ಅಂತ ಬರೆದರೆ ದೇಣಿಗೆಯೂ ಇಲ್ಲ. ಪೆನ್ನಿನ ಕ್ಯಾಪ್ ತೆಗೆದೆ. ಶಿವಣ್ಣ ಹತ್ತಿರ ಬಂದು ದನಿ ತಗ್ಗಿಸಿದರು. ಆ ಒಂದು ಸಲ ಮಾತ್ರ ಕೈ ಬೀಸಲಿಲ್ಲ.

"ನಲವತ್ತೆಂಟಾಯ್ತು ಮೇಡಂ ನಂಗೆ. ಗೂಟದ ವಿಷ್ಯ ಬರೀಬೇಡಿ, ಪ್ಲೀಸ್."