ಈರಪ್ಪಣ್ಣ ಕಟ್ಟಿದ ಬೈಕು

ಮೊನ್ನೆ ಗೆಳೆಯರೊಬ್ಬರು ಮೊಬೈಲಿಗೆ ಚಿತ್ರವೊಂದನ್ನು ಕಳಿಸಿದ್ದರು: ಯಾವುದೋ ದೇಶದವರು ಭಾರೀ ಕಾರಿನ ಎಂಜಿನ್ ಇಟ್ಟು, ಅದರ ಸುತ್ತ ಕಟ್ಟಿದ ಮೋಟಾರ್ ಸೈಕಲ್ಲು. ಕೆಳಗೆ ನಗುವ ಮುಖಗಳ ಸಾಲು. ನನಗೆ ನಗು ಬರಲಿಲ್ಲ. ಅಂಥದೊಂದನ್ನು ನಾನು ಹಳಿಯಾಳದಲ್ಲೇ ನೋಡಿದ್ದೇನೆ, ನಕ್ಕೂ ಮುಗಿಸಿದ್ದೇನೆ.

ಕಟ್ಟಿದವನು ನಮ್ಮ ಓಣಿಯ ಮೆಕ್ಯಾನಿಕ್ ಈರಪ್ಪಣ್ಣ. ನನ್ನ ಹಳೇ ಸ್ಕೂಟರ್ ವಾರಕ್ಕೊಮ್ಮೆ ನನ್ನನ್ನು ಅವನ ಗ್ಯಾರೇಜಿಗೆ ಕರೆದೊಯ್ಯುತ್ತಿತ್ತು. ತಳ್ಳುತ್ತಿದ್ದವನು ನಾನೇ ಅನ್ನಿ. ಹೋದಾಗಲೆಲ್ಲ ಆ ಬೈಕು ಇಷ್ಟಿಷ್ಟೇ ಬೆಳೆದಿರುತ್ತಿತ್ತು. ದಪ್ಪ ಕಬ್ಬಿಣದ ಚೌಕಟ್ಟು, ಜೀಪಿನ ಗಾಲಿ, ನಡುವೆ ಕಾರಿನ ಇಡೀ ಎಂಜಿನ್.

"ಇದನ್ನ ಹೊಡ್ಯಾಕ ಲೈಸೆನ್ಸ್ ಸಾಲಂಗಿಲ್ಲೋ ಮಾರಾಯಾ, ಮಾವುತ ಆಗಿರಬೇಕು" ಎಂದೆ ಒಂದು ದಿನ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು.

ಈರಪ್ಪಣ್ಣ ನಗಲಿಲ್ಲ. "ಎಂಜಿನ್ ಛಲೋ ಐತ್ರಿ ಸರ. ಗುಜರಿಗೆ ಹಾಕಾಕ ಮನಸ್ಸಾಗಲಿಲ್ಲ."

ಅವನ ಒಬ್ಬನೇ ಮಗ ಮಲ್ಲು ದಾಂಡೇಲಿಗೆ ಬಂದ ಪ್ರವಾಸಿಗರನ್ನು ಕಾರಿನಲ್ಲಿ ಸುತ್ತಿಸುತ್ತಿದ್ದ. ಅದರ ಹಿಂದಿನ ಮಳೆಗಾಲ ಜೊಯಿಡಾ ರಸ್ತೆಯ ತಿರುವಿನಲ್ಲಿ ಕಾರು ಮರಕ್ಕೆ ಬಡಿದು ತೀರಿಕೊಂಡಿದ್ದ. ಮಣ್ಣಿಗೆ ನಾನೂ ಹೋಗಿದ್ದೆ. ಆದರೂ ಇದು ಆ ಕಾರಿನದೇ ಎಂಜಿನ್ ಎಂದು ನನಗೆ ಹೊಳೆಯಲೇ ಇಲ್ಲ ನೋಡಿ. ಮಾತಿನ ಚಪಲ ಇರುವವನಿಗೆ ಕಣ್ಣು ಕಡಿಮೆ.

ಒಂದು ಮಧ್ಯಾಹ್ನ ಈರಪ್ಪಣ್ಣ ಮೊದಲ ಸಲ ಅದನ್ನು ಚಾಲೂ ಮಾಡಿದ. ಗ್ಯಾರೇಜಿನ ಹಿಂದೆಯೇ ಮನೆ. ಸದ್ದು ಕೇಳಿದ್ದೇ ಅವನ ಹೆಂಡತಿ ಶಾಂತವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಮಲ್ಲು ಬಂದನೇನ್ರಿ?"

ಈರಪ್ಪಣ್ಣ ಎಂಜಿನ್ ಆರಿಸಿದ. ನಾವು ಯಾರೂ ತಲೆ ಎತ್ತಲಿಲ್ಲ. ಅಂದು ಬೈಕಿನ ಮೇಲೆ ಹೊದಿಸಿದ ತಾಡಪತ್ರಿ ಮತ್ತೆ ಸರಿಯಲಿಲ್ಲ. ನಾನು ಸ್ಕೂಟರನ್ನು ಬೇರೆ ಗ್ಯಾರೇಜಿಗೆ ತಳ್ಳತೊಡಗಿದೆ.

ಆ ಚಿತ್ರ ನೋಡಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಹೋಗಿ, "ಅವತ್ತ ನಾ ನಗಬಾರದಿತ್ತು ಈರಪ್ಪಣ್ಣ" ಎಂದೆ.

"ಹೋಗ್ಲಿ ಬಿಡ್ರಿ ಸರ. ನಿಮಗೇನ ಗೊತ್ತಿತ್ತು?"

ಚಹಾ ತಂದಿದ್ದ ಶಾಂತವ್ವ ಬಾಗಿಲಲ್ಲೇ ನಿಂತಿದ್ದಳು. ಕಪ್ಪುಗಳನ್ನು ಕೆಳಗಿಟ್ಟು, ತಾನೇ ಹೋಗಿ ತಾಡಪತ್ರಿ ಎಳೆದಳು.

"ಚಾಲೂ ಮಾಡ್ರಿ."

"ಬ್ಯಾಡ ಶಾಂತಾ."

"ಅವ ಬರಂಗಿಲ್ಲ, ಗೊತ್ತೈತಿ. ಸಪ್ಪಳಾದ್ರೂ ಬರ್ಲಿ."

ಈರಪ್ಪಣ್ಣ ಬೇರೆ ಬ್ಯಾಟರಿ ತಂದು ಜೋಡಿಸಿದ. ಎಂಜಿನ್ ನಾಲ್ಕು ಸಲ ಕೆಮ್ಮಿ ಚಾಲೂ ಆಯಿತು. ಶಾಂತವ್ವ ಕಣ್ಣು ಮುಚ್ಚಿ, ಸೆರಗನ್ನು ಬಾಯಿಗೊತ್ತಿ ಕೇಳುತ್ತ ನಿಂತಳು. ಈರಪ್ಪಣ್ಣ ಆರಿಸಲಿಲ್ಲ. ನನಗೂ ಏನಾದರೂ ಹೇಳಬೇಕು ಅನ್ನಿಸಲಿಲ್ಲ. ಮೂವರೂ ಹಾಗೇ ನಿಂತಿದ್ದೆವು. ಚಹಾ ಆರಿಹೋಯಿತು.