ಆರ್ವಿಲ್ ಹೊಡೆದ ಕೊನೆಯ ನೀರು

ಕ್ಲೋವರ್ ರಿಜ್ ಕಾರ್ ರೇಸ್ ಮೈದಾನದ ಮಾತೆತ್ತಿದರೆ ಅಯೋವಾ ರಾಜ್ಯದ ನಮ್ಮ ಕಡೆಯವರು ಗೆದ್ದ ಡ್ರೈವರುಗಳ ಹೆಸರನ್ನು ಗಿಣಿಪಾಠದಂತೆ ಒಪ್ಪಿಸುತ್ತಾರೆ. ಆರ್ವಿಲ್ ಟೆಸ್ಡಾಲ್ ಹೆಸರು ಒಬ್ಬರ ಬಾಯಲ್ಲೂ ಬರುವುದಿಲ್ಲ. ಬರಬೇಕು ಸ್ವಾಮಿ. ಕಾಲು ಮೈಲಿಯ ಆ ಮಣ್ಣಿನ ಟ್ರ್ಯಾಕಿಗೆ ಮೂವತ್ತೊಂದು ವರ್ಷ ಲಾರಿಯಲ್ಲಿ ನೀರು ಹೊಡೆದವನು ಅವನು. ನೀರು ಕಡಿಮೆಯಾದರೆ ನೋಡುವವರ ಬಾಯಿಗೆಲ್ಲ ಧೂಳು, ಹೆಚ್ಚಾದರೆ ಕಾರುಗಳು ಕೆಸರಲ್ಲಿ ಹೂತುಕೊಳ್ಳುತ್ತವೆ. ಆರ್ವಿಲ್ ಮಣ್ಣಿಗೆ ಹೆಬ್ಬೆರಳು ಒತ್ತಿ, "ಇಷ್ಟು ಸಾಕು" ಎಂದರೆ ಮುಗಿಯಿತು, ಎದುರು ಮಾತಾಡುವವರಿರಲಿಲ್ಲ.

೧೯೮೭ರ ಸೆಪ್ಟೆಂಬರಿನ ಒಂದು ಭಾನುವಾರ ಅಲ್ಲಿ ಕೊನೆಯ ರೇಸು. ಜಾಗ ಮಾರಾಟವಾಗಿತ್ತು, ಸೋಮವಾರ ಬೆಳಗಾದರೆ ಬುಲ್ಡೋಜರು. ಕೊನೆಯ ದಿನ ಯಾರ ಕಣ್ಣಿಗೂ ಧೂಳು ಬೀಳದಿರಲೆಂದು ಆರ್ವಿಲ್ ಬೆಳಗ್ಗೆಯೇ ಎರಡು ಟ್ಯಾಂಕು ಹೆಚ್ಚಿಗೆ ಹೊಡೆದ. ನಂಬಿದ್ದ ಬಿಸಿಲು ಕೈಕೊಟ್ಟಿತು. ಮಧ್ಯಾಹ್ನವಾದರೂ ಮೋಡ ಸರಿಯಲಿಲ್ಲ. ಮೊದಲು ಇಳಿದ ರೇಸ್ ಕಾರು ಅರ್ಧ ಸುತ್ತಿಗೇ ಹೂತು ನಿಂತಿತು.

ಮೈದಾನದ ಒಡತಿ ಬಾನಿ ಕೆಸ್ಲರ್ ಕೆಸರಿನಿಂದ ಬೂಟು ಕೀಳುತ್ತ ಬಂದಳು. "ಏನಯ್ಯಾ, ಇವತ್ತು ದೋಣಿ ರೇಸಾ?"

"ನಂದೇ ತಪ್ಪು ಬಾನಿ." ಆರ್ವಿಲ್ ತಲೆ ಎತ್ತಲಿಲ್ಲ. ಇವತ್ತು ನಡೆಯದಿದ್ದರೆ ಇನ್ನೆಂದೂ ಇಲ್ಲ, ಅದನ್ನೂ ತಾನೇ ಕೆಡಿಸಿದೆನಲ್ಲ ಎಂದು ಕೊರಗುತ್ತಿದ್ದ. "ಟೈರು ಉರುಳಿಸಿ ಉರುಳಿಸಿ ಮಣ್ಣು ಗಟ್ಟಿ ಮಾಡ್ಬೇಕು. ಇರೋ ಹದಿನೆಂಟು ರೇಸ್ ಕಾರಲ್ಲಿ ಕತ್ತಲಾದ್ರೂ ಮುಗಿಯಲ್ಲ."

"ಪಾರ್ಕಿಂಗಲ್ಲಿ ಇನ್ನೂರು ಕಾರು ಸುಮ್ನೆ ನಿಂತಿವೆಯಲ್ಲ," ಎಂದವಳೇ ಬಾನಿ ಹೋಗಿ ಮೈಕು ಹಿಡಿದಳು. "ನಮ್ಮ ಆರ್ವಿಲ್‌ಗೆ ಇವತ್ತು ನಿಮ್ಮೇಲೆ ಪ್ರೀತಿ ಉಕ್ಕಿ ನೀರು ಜಾಸ್ತಿ ಹೊಡ್ದಿದಾನೆ. ಕಾರು ಕೊಳೆಯಾದ್ರೂ ಪರವಾಗಿಲ್ಲ ಅನ್ನೋರು ಬಂದು ನಾಕು ಸುತ್ತು ಹಾಕಿ. ಅವನ ಲಾರಿ ಮುಂದೆ ಹೋಗುತ್ತೆ."

ಬೆಳಗ್ಗೆ ಚರ್ಚಿಗೆಂದು ತೊಳೆದ ಕಾರು ಯಾರು ತಂದಾರು ಎಂದು ಆರ್ವಿಲ್ ಗೊಣಗುತ್ತಲೇ ಖಾಲಿ ಲಾರಿ ಹತ್ತಿದ. ನಾಚಿಕೆಗೆ ಕನ್ನಡಿಯತ್ತ ಕಣ್ಣೂ ಹಾಯಿಸದೆ ಟ್ರ್ಯಾಕಿನ ಸುತ್ತಲಿನ ಗೋಡೆಯಂಚಿನಲ್ಲಿ, ಮಣ್ಣು ಕೊಂಚ ಗಟ್ಟಿಯಿದ್ದ ಕಡೆ, ಆಮೆಯಂತೆ ಹೊರಟ. ಒಂದು ಸುತ್ತು ಮುಗಿಸಿ, ಜನ ಎಷ್ಟು ಸಿಟ್ಟಾಗಿದ್ದಾರೋ ಎಂದು ಗ್ಯಾಲರಿಯತ್ತ ನೋಡಿದ. ಬೆಂಚುಗಳೆಲ್ಲ ಖಾಲಿ. ಎಲ್ಲರೂ ಮನೆಗೆ ಹೋಗಿಬಿಟ್ಟರು ಎಂದುಕೊಂಡ.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ಹೊಸ ಕಾರಿನಲ್ಲಿ ಕಡಲೆಕಾಯಿ ತಿನ್ನಲೂ ಬಿಡದ ಅವನ ಹೆಂಡತಿ ಆರ್ಡಿಸ್ ಅದೇ ಕಾರಿಗೆ ಕೆಸರು ಮೆತ್ತಿಸಿಕೊಂಡು ಲಾರಿಯ ಪಕ್ಕಕ್ಕೆ ಬಂದು ಗಾಜು ಇಳಿಸಿದಳು.

"ಇನ್ನೂ ನಿಧಾನ ಹೋಗು ಆರ್ವಿಲ್. ಊರೇ ನಿನ್ನ ಹಿಂದೆ ಬರ್ತಿದೆ."

ಆಗ ಅವನು ಕನ್ನಡಿ ನೋಡಿದ. ಪಿಕಪ್ಪು, ಪಾದ್ರಿಯ ಕಾರು, ಹಾಲಿನ ವ್ಯಾನು, ಹೆಣ ಸಾಗಿಸುವ ಕರಿಗಾಡಿ ಕೂಡ, ಮೂರು ಮೂರು ಸಾಲಾಗಿ ಬರುತ್ತಿದ್ದವು. ಇವರಿಗೆಲ್ಲ ನಾನು ಹೇಗೆ ಋಣ ತೀರಿಸಲಿ ದೇವರೇ ಎಂದುಕೊಂಡ.

ಎಂಟನೇ ಸುತ್ತಿಗೆ ಮಣ್ಣು ಗಟ್ಟಿಯಾಯಿತು. ಅದು ಅವನಿಗೆ ಚಕ್ರದ ಸದ್ದಿನಲ್ಲೇ ಗೊತ್ತಾಯಿತು. ಆದರೂ ಅವನು ಲಾರಿ ನಿಲ್ಲಿಸದೆ ಇನ್ನೊಂದು ಸುತ್ತು ಹೋದ. ಹಿಂದಿನವರಲ್ಲಿ ಒಬ್ಬರೂ ಹೊರಗೆ ಹೋಗುವ ದಾರಿಯತ್ತ ತಿರುಗಲಿಲ್ಲ.