ಧನುರ್ಮಾಸದಲ್ಲಿ ಆರೂವರೆಗೆ ಏಳುವುದು

ನನ್ನ ಕಾಯಿಲೆಯ ಮೊದಲ ಲಕ್ಷಣವನ್ನು ಎಲ್ಲರೂ ಹೊಗಳಿದರು.

ಹೋದ ವರ್ಷದ ಧನುರ್ಮಾಸ. ಆ ತಿಂಗಳು ನಮ್ಮ ಮನೆಯಲ್ಲಿ ಸೂರ್ಯ ಹುಟ್ಟುವುದಕ್ಕೆ ಮುಂಚೆ ಪೂಜೆ ಮುಗಿದು ಹುಗ್ಗಿಯ ನೈವೇದ್ಯ ಆಗಬೇಕು. ಅದಕ್ಕೂ ಮೊದಲು ಬಾಗಿಲಿಗೆ ಕೋಲ. ನಾಲ್ಕು ತಲೆಮಾರಿನ ಹಿಂದೆ ಮದರಾಸಿಗೆ ಬಂದ ಮೇಲೆ ನಮ್ಮವರ ಬಾಯಲ್ಲಿ ರಂಗೋಲಿ ಕೋಲವಾಗಿದೆ. ಪ್ರತಿ ವರ್ಷ ನಾನು ಅಲಾರಂ ಇಟ್ಟುಕೊಂಡು, ಗೊಣಗಿಕೊಂಡು ನಾಲ್ಕೂವರೆಗೆ ಏಳುತ್ತಿದ್ದವಳು. ಹೋದ ವರ್ಷ ಅಲಾರಂ ಬೇಕಾಗಲಿಲ್ಲ. ನಾಲ್ಕಕ್ಕೇ ಎಚ್ಚರ. ಒಂದು ವಾರದಲ್ಲಿ ಮೂರಕ್ಕೆ. ಆಯಾಸವಿಲ್ಲ, ಆಕಳಿಕೆಯಿಲ್ಲ.

"ನೋಡು, ಈ ಸಲ ದೇವರೇ ಎಬ್ಬಿಸ್ತಿದಾನೆ," ಎಂದರು ಅತ್ತೆ.

ಮದುವೆಯಾದ ಹದಿನೇಳು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅಥವಾ ನನಗೆ ನೆನಪಿರುವ ಮೊದಲು. ಈ ಬರಹದಲ್ಲಿ ನೆನಪು ಎಂದು ಬರುವ ಕಡೆಯೆಲ್ಲ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡರೆ ಒಳ್ಳೆಯದು. ನಾನೂ ಇಟ್ಟುಕೊಂಡಿದ್ದೇನೆ.

ರಾಯಪುರಂನಲ್ಲಿ ನಮ್ಮದು ನೆಲಮಹಡಿಯ ಫ್ಲ್ಯಾಟ್. ಹೊಸ್ತಿಲಿನ ಮುಂದೆ ಒಂದು ಮೊಳ ಇದ್ದ ಕೋಲ ಮೊದಲು ಮೆಟ್ಟಿಲಿನವರೆಗೆ ಬೆಳೆಯಿತು. ಆಮೇಲೆ ಗೇಟಿನವರೆಗೆ. ದಿನವೂ ಅದರ ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಕೆಳಗೆ ಸಾಲು ಸಾಲು ಕಮಲದ ಹೂ, ಕೈಮುಗಿದ ಚಿತ್ರ. ಮೇಲಿನ ಮನೆಯ ಸೆಲ್ವಿ ತನ್ನ ಸೊಸೆಗೆ ನನ್ನನ್ನು ತೋರಿಸಿ ಬುದ್ಧಿ ಹೇಳಿದಳಂತೆ. ಪ್ಯಾರೀಸ್ ಕಾರ್ನರ್‌ನಲ್ಲಿ, ಬಂದರಿನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆನ್ಸಿಯಲ್ಲಿ ನನ್ನ ಕೆಲಸ. ಅಲ್ಲಿ ಎಲ್ಲರ ಫೈಲೂ ನಾನೇ ಮುಗಿಸಿದೆ. ಕಚೇರಿ ನಡೆಸುವುದು ಹೇಗೆಂದು ಮ್ಯಾನೇಜರ್‌ಗೆ ಹನ್ನೊಂದು ಪುಟ ಬರೆದು ಕೊಟ್ಟೆ. ದಿನಕ್ಕೆ ಆರು ಸಾಲು ಬರೆಯುತ್ತಿದ್ದ ನನ್ನ ಡೈರಿಯಲ್ಲಿ ಆ ತಿಂಗಳು ಅಂಚಿನಲ್ಲೂ ಜಾಗ ಉಳಿದಿಲ್ಲ. ಈಗ ಓದಿದರೆ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಅರ್ಥವಾಗುವ ಅರ್ಧ ನಾಚಿಕೆ ತರಿಸುತ್ತದೆ.

ಮೂರನೆಯ ವಾರ ನಾನು ರಸ್ತೆಯಲ್ಲಿ ಕೂತು ಒಂದು ಕಂಟೇನರ್ ಲಾರಿಯನ್ನು ತಡೆದೆ.

ಕೋಲ ಗೇಟು ದಾಟಿ ಹಾರ್ಬರ್ ರಸ್ತೆಯ ನಡುವಿನವರೆಗೆ ಹೋಗಿತ್ತು. ಡ್ರೈವರ್ ಇಳಿದು ಬಂದು ಕೈಮುಗಿದನಂತೆ. ಚಕ್ರ ತೊಳೆದುಕೊಂಡು ಬಾ, ಆಮೇಲೆ ದಾಟು ಎಂದೆನಂತೆ. ನನ್ನ ನೆನಪಿನಲ್ಲಿ ಅದು ಬೆಳಗಿನ ಹೊತ್ತು. ಬಿಸಿಲಿದೆ, ಕೋಲದ ಕಾವಿಯ ಗೆರೆಗಳು ಕೆಂಪಗೆ ಹೊಳೆಯುತ್ತಿವೆ. ಓಡಿಬಂದು ನನ್ನನ್ನು ಎಬ್ಬಿಸಿದ ಮಗಳು ಧೃತಿ, ಆಗ ಎರಡೂಕಾಲು, ಬೀದಿ ದೀಪವೂ ಕೆಟ್ಟಿತ್ತು ಎನ್ನುತ್ತಾಳೆ. ಅವಳ ಮಾತೇ ನಿಜವಿರಬೇಕು. ಆದರೆ ಬರೆಯಲು ಕೂತರೆ ನನಗೆ ಕಾಣುವುದು ಬಿಸಿಲೇ.

ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಬೈಪೋಲಾರ್ ಡಿಸಾರ್ಡರ್, ಮ್ಯಾನಿಕ್ ಎಪಿಸೋಡ್; ಅಂದರೆ ಮನಸ್ಸು ಮಿತಿಮೀರಿ ಏರಿದ ಹಂತ. ಡಿಸ್ಚಾರ್ಜಿಗೆ ಮುಂಚೆ ಡಾಕ್ಟರ್ ನನ್ನನ್ನೂ ನನ್ನ ಗಂಡ ಪ್ರಾಣೇಶನನ್ನೂ ಕೂರಿಸಿಕೊಂಡು ಮಾತಾಡಿದರು. ಮೆದುಳು ಮತ್ತು ನಿದ್ದೆಯ ಮೇಲೆ ಅವರದೇ ಸಂಶೋಧನೆ ನಡೆದಿದೆ. ನಮ್ಮ ಮೆದುಳಿನ ತಳದಲ್ಲಿ, ಎರಡು ಕಣ್ಣಿನ ನರಗಳು ಸೇರುವ ಕಡೆ, ಅಕ್ಕಿಕಾಳಿನಷ್ಟು ಒಂದು ಭಾಗವಿದೆಯಂತೆ. ಬೆಳಕು ನೋಡಿಕೊಂಡು ಮೈಗೆಲ್ಲ ಹೊತ್ತು ಹೇಳುವುದು ಅದು. ಕೆಲವರಲ್ಲಿ ಆ ಗಡಿಯಾರ ಸ್ವಲ್ಪ ಜಗ್ಗಿದರೂ ಮನಸ್ಸು ಜೊತೆಗೇ ಹಳಿ ತಪ್ಪುತ್ತದೆ.

"ನಿದ್ದೆ ಕಡಿಮೆಯಾಗಿ ಕಾಯಿಲೆ ಬಂತೋ, ಕಾಯಿಲೆ ಬಂದು ನಿದ್ದೆ ಕಡಿಮೆಯಾಯಿತೋ?" ಎಂದು ಕೇಳಿದೆ.

"ಎರಡೂ ಇರಬಹುದು. ನಿಮ್ಮ ವಿಷಯದಲ್ಲಿ ಯಾವುದು ಮೊದಲು ಅಂತ ನನಗೆ ಗೊತ್ತಿಲ್ಲ. ಎಷ್ಟು ಗಂಟೆಗೆ ಏಳ್ತಿದ್ರಿ, ಬರೆದಿಟ್ಟಿದ್ದೀರಾ?"

ಡೈರಿಯಲ್ಲಿ ಬರೀ 'ಬೇಗ ಎದ್ದೆ' ಎಂದಿತ್ತು. ಪ್ರಾಣೇಶ್ ಫೋನ್ ತೆಗೆದು ವಾಟ್ಸಾಪ್ ಗುಂಪು ತೋರಿಸಿದ. ಡಾಕ್ಟರ್ ಒಂದೊಂದೇ ಫೋಟೋದ ಕೆಳಗಿನ ಗಂಟೆ ಓದಿಕೊಂಡು ಹೋದರು. ನಾಲ್ಕು ಹತ್ತು. ಮೂರು ಇಪ್ಪತ್ತು. ಎರಡು ಐವತ್ತು. ಒಂದು ನಲವತ್ತು.

"ಇಷ್ಟು ಚೆನ್ನಾಗಿರೋ ಗ್ರಾಫ್ ನಮ್ಮ ಮೆಷಿನ್ನೂ ಕೊಡಲ್ಲ," ಎಂದರು. ಆಮೇಲೆ, "ಈ ಹೊತ್ತಿಗೆ ಯಾಕೆ ಎದ್ದಿದ್ದೀರಿ ಅಂತ ಒಬ್ಬರೂ ಕೇಳಲಿಲ್ವಾ?"

ಒಂದು ನಲವತ್ತರ ಫೋಟೋಕ್ಕೆ ಮರುನಿಮಿಷವೇ ಒಂದು ಹೆಬ್ಬೆರಳಿನ ಗುರುತು ಬಿದ್ದಿತ್ತು. ಮಣಲಿಯ ರಿಫೈನರಿಯಲ್ಲಿ ನೈಟ್ ಶಿಫ್ಟಿನಲ್ಲಿದ್ದ ನನ್ನ ಗಂಡನದು.

ಅವನು ಫೋನ್ ಜೇಬಿಗೆ ಹಾಕಿಕೊಂಡ.

ಅಂದಿನಿಂದ ಲಿಥಿಯಂ ಮಾತ್ರೆ. ತಿಂಗಳು ತಿಂಗಳು ರಕ್ತಪರೀಕ್ಷೆ. ರಾತ್ರಿ ಹತ್ತಕ್ಕೆ ಮಲಗಬೇಕು, ಬೆಳಿಗ್ಗೆ ಆರೂವರೆಗೆ ಏಳಬೇಕು. ಹಬ್ಬವಿರಲಿ, ಮದುವೆಯಿರಲಿ, ಅದು ಬದಲಾಗಬಾರದು. ನಡುವೆ ಎಚ್ಚರವಾದರೂ ದೀಪ ಹಾಕಬಾರದು. ಮತ್ತೆ ನಿದ್ದೆ ಕೆಟ್ಟರೆ ಮತ್ತೆ ಬರಬಹುದು, ಎರಡನೆಯ ಸಲ ಇಷ್ಟು ಸುಲಭವಾಗಿ ಇಳಿಯದೆ ಇರಬಹುದು ಎಂದರು. ಡಾಕ್ಟರ ಸಂಶೋಧನೆಗೂ ನನ್ನ ಹೆಸರು ಕೊಟ್ಟೆ. ನಿದ್ದೆ ಅಳೆಯುವ ಪಟ್ಟಿ ಮಣಿಕಟ್ಟಿಗೆ ಬಂತು. ಮಾತ್ರೆಯಿಂದ ಬೆರಳಿಗೆ ಸಣ್ಣ ನಡುಕವೂ ಬಂತು. ಕೋಲದ ಹಿಟ್ಟು ಹಿಡಿದರೆ ಗೆರೆ ನೇರ ಬರುವುದಿಲ್ಲ. ಹನ್ನೊಂದು ಪುಟ ಓದಿದ ಮ್ಯಾನೇಜರ್ ನನ್ನನ್ನು ವಾಪಸ್ ಕರೆಯಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲದಕ್ಕೂ ತಲೆಯಾಡಿಸಿದ್ದ ಅತ್ತೆ, ಈ ವರ್ಷ ಧನುರ್ಮಾಸಕ್ಕೆ ಮೂರು ದಿನ ಇರುವಾಗ ಮಾತು ತೆಗೆದರು.

"ಒಂದು ತಿಂಗಳು ತಾನೇ? ನಾಲ್ಕಕ್ಕೆ ಎದ್ದು ಬಿಡು. ಮಧ್ಯಾಹ್ನ ಬೇಕಾದಷ್ಟು ಮಲಕ್ಕೋ."

"ಆಗಲ್ಲ ಅತ್ತೆ. ಅದರಿಂದಲೇ ಅಲ್ವಾ ಕಾಯಿಲೆ ಬಂದದ್ದು."

"ಬೇಗ ಏಳೋದು ಕಾಯಿಲೇನಾ? ಹಾಗಾದ್ರೆ ನಮ್ಮಮ್ಮಂಗೆ ಹುಟ್ಟಿದಾಗಿಂದ ಕಾಯಿಲೆ!"

ಸೋಫಾದಲ್ಲಿದ್ದ ಪ್ರಾಣೇಶ್ ನಕ್ಕ. ಆಮೇಲೆ, "ಒಂದು ಮೂರು ದಿನ ಎದ್ದು ನೋಡೇ. ಅಮ್ಮ ಹೇಳೋದರಲ್ಲೂ ತಪ್ಪಿಲ್ಲ," ಎಂದ.

ಇವನು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ ದಿನ ಮನೆಯಲ್ಲಿ ಹನ್ನೆರಡರವರೆಗೆ ಕುಕ್ಕರ್ ಕೂಗುವಂತಿಲ್ಲ. ಕಿಟಕಿಗೆ ಕಪ್ಪು ಪರದೆ. ಪೇಪರಿನವನು ಬೆಲ್ ಒತ್ತಿದರೆ ಅತ್ತೆ ಅವನ ವಂಶವನ್ನೆಲ್ಲ ಬೈಯುತ್ತಾರೆ. ಇವನ ನಿದ್ದೆ ಕೆಟ್ಟರೆ ಪ್ಲಾಂಟಿನಲ್ಲಿ ಅನಾಹುತವಾಗುತ್ತದೆ ಎಂದು ಈ ಮನೆಗೆ ಗೊತ್ತು. ಗಡಿಯಾರದ ವಿಜ್ಞಾನ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಅದರಲ್ಲಿ ನನಗೆ ಮಾತ್ರ ಪಾಲಿರಲಿಲ್ಲ.

"ನಾನು ಏಳೋದಿಲ್ಲ," ಎಂದೆ. "ಬೇಕೇಬೇಕು ಅಂದ್ರೆ ಎದ್ದು ಮತ್ತೆ ಲಾರಿ ತಡೀತೀನಿ. ನೀವು ಫೋಟೋ ತೆಗೆದು ಗುಂಪಿಗೆ ಹಾಕಿ. ಇವರು ಹೆಬ್ಬೆರಳು ಒತ್ತಲಿ."

ಹಾಗೆ ಹೇಳಬಾರದಿತ್ತೋ ಏನೋ. ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಧನುರ್ಮಾಸದ ಮೊದಲ ದಿನ ನಾಲ್ಕಕ್ಕೆ ನನಗೆ ಎಚ್ಚರವಾಯಿತು. ಭಯವಾಯಿತು. ಹೋದ ವರ್ಷ ಹೀಗೇ ಅಲ್ಲವೇ ಶುರುವಾದದ್ದು? ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಬೇಕೆಂದೇ ಜೋರಾಗಿದೆ ಅನ್ನಿಸಿತು. ಏಳಬೇಕೆಂದು ಕಾಲು ಕೆಳಗಿಟ್ಟೆ. ಪಕ್ಕದಲ್ಲಿ ಮಲಗಿದ್ದ ಧೃತಿ ಕಣ್ಣು ತೆರೆಯದೆಯೇ ನನ್ನ ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡಳು.

"ಎಳುಂದಿರಿಕ್ಕಾದ ಮಾ. ತೂಂಗು." ಏಳಬೇಡ, ಮಲಗು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. ಈ ಸಲ ನಾನು ಏನೂ ಕೇಳಿರಲಿಲ್ಲ.

ಮಲಗಿದೆ. ನಿದ್ದೆ ಬಂತು. ಬಂತೆಂದು ಆಮೇಲೆ ಪಟ್ಟಿಯೂ ಹೇಳಿತು.

ಮತ್ತೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಹೊರಗೆ ಸೆಲ್ವಿಯ ದನಿ. "ಎನ್ನ ಮಾಮಿ, ಮರುಮಗ ಇನ್ನುಂ ಎಳುಂದಿರಿಕ್ಕಲಯಾ?" ಸೊಸೆ ಇನ್ನೂ ಎದ್ದಿಲ್ಲವೇ ಎಂದು.

"ಅವಳುಕ್ಕು ಮುಟ್ಟಿ ವಲಿ ಮಾ. ಕುನಿಯ ಮುಡಿಯಲ," ಎಂದರು ಅತ್ತೆ. ಅವಳಿಗೆ ಮೊಣಕಾಲು ನೋವು, ಬಗ್ಗಲು ಆಗುವುದಿಲ್ಲ.

ಮೊಣಕಾಲು ನೋವು ಇರುವುದು ಅತ್ತೆಗೆ. ನೆಲದ ಮೇಲೆ ಕೂತು ಎಷ್ಟೋ ವರ್ಷವಾಯಿತು. ನನ್ನ ಕಾಯಿಲೆಯನ್ನು ಬಚ್ಚಿಟ್ಟು, ಹೇಳಿಕೊಳ್ಳಲು ಮರ್ಯಾದೆಯಾದ ತಮ್ಮ ಕಾಯಿಲೆಯನ್ನು ನನಗೆ ಕೊಟ್ಟಿದ್ದರು. ಮೈ ಉರಿಯಿತು. ಈಗಲೂ ಉರಿಯುತ್ತದೆ.

ಆರೂವರೆಗೆ ಎದ್ದು ಬಾಗಿಲಿಗೆ ಹೋದೆ. ಹೊಸ್ತಿಲಿನ ಮುಂದೆ ಒಂದು ಸ್ಟಿಕ್ಕರ್ ಕೋಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದು. ಬೇರೆಯವರ ಬಾಗಿಲಲ್ಲಿ ಅದನ್ನು ಕಂಡಾಗಲೆಲ್ಲ ಅತ್ತೆ, "ಕೋಲವಂತೆ, ನೆಲಕ್ಕೆ ಗಾಯವಾದ ಹಾಗೆ ಪ್ಲಾಸ್ಟರ್ ಹಚ್ಚಿದಾರೆ," ಎನ್ನುತ್ತಿದ್ದರು. ಸ್ವಲ್ಪ ಸೊಟ್ಟಗೆ ಅಂಟಿಸಿದ್ದರು. ಅಂಚು ಏಳದ ಹಾಗೆ ಸುತ್ತಲೂ ಒತ್ತಿದ ಒದ್ದೆ ಬೆರಳಿನ ಗುರುತು ಇನ್ನೂ ಆರಿರಲಿಲ್ಲ. ಅಷ್ಟು ಒತ್ತಬೇಕಾದರೆ ನೆಲಕ್ಕೆ ಕೂರದೆ ಆಗುವುದಿಲ್ಲ.

ಒಳಗೆ ಅತ್ತೆ ಕುರ್ಚಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಮಹಾರಾಣಿಗೆ ಈಗ ಬೆಳಗಾಯ್ತಾ?" ಎಂದರು. "ಹುಗ್ಗಿ ಆರಿಹೋಗಿದೆ. ಬಿಸಿ ಮಾಡ್ಕೊ."

ಬಿಸಿ ಮಾಡಿಕೊಂಡು ತಿಂದೆ. ಚಮಚ ಸ್ವಲ್ಪ ನಡುಗಿತು.

ಇವತ್ತಿಗೆ ಧನುರ್ಮಾಸದ ಐದು ದಿನ ಆಯಿತು. ಡೈರಿಯಲ್ಲಿ ಐದು ದಿನವೂ ಒಂದೇ ಸಾಲಿದೆ: ಆರೂವರೆಗೆ ಎದ್ದೆ. ಮಣಿಕಟ್ಟಿನ ಪಟ್ಟಿಯೂ ಅದನ್ನೇ ಹೇಳುತ್ತಿದೆ.

ಇದನ್ನು ಯಾರೂ ಹೊಗಳಿಲ್ಲ.